ಒಂದು ಹಗಲಿನ ಯಾತ್ರೆ: ಅತ್ತೂರಿನ ಸಂತ ಲಾರೆನ್ಸ್ ಕ್ಷೇತ್ರ ಮತ್ತು ಕರಾವಳಿಯ ಕುಟುಂಬಗಳು

ಕರ್ನಾಟಕದ ಯಾತ್ರಾಸ್ಥಳಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಕ್ಷೇತ್ರದ ಸ್ಥಾಪನೆ, ಅರಸರ ದಾನದತ್ತಿ, ಕಟ್ಟಡದ ವಾಸ್ತುಲಕ್ಷಣ ಹಾಗೂ ಉತ್ಸವದ ವಿಧಿವಿಧಾನಗಳನ್ನು ಕೇಂದ್ರವಾಗಿಟ್ಟುಕೊಂಡಿದ್ದಾರೆ. ಶಾಸನ, ಕಡತ ಮತ್ತು ಕೈಫಿಯತ್ತುಗಳು ಇವನ್ನೇ ಹೇಳುವುದರಿಂದ ಈ ಒಲವು ಸಹಜವಾದುದು. ಆದರೆ ನಸುಕಿನಲ್ಲಿ ಒಲೆ ಹಚ್ಚಿ, ಬುತ್ತಿ ಕಟ್ಟಿಕೊಂಡು, ಮಕ್ಕಳು ಮುದುಕರೊಡನೆ ಹೊರಟು, ಹರಕೆ ಒಪ್ಪಿಸಿ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಮರಳುವ ಒಂದು ಸಂಸಾರ ಯಾವ ಶಾಸನವನ್ನೂ ಬಿಟ್ಟುಹೋಗುವುದಿಲ್ಲ. ಕ್ಷೇತ್ರವೊಂದು ಶತಮಾನಗಳ ಕಾಲ ಕ್ಷೇತ್ರವಾಗಿ ಉಳಿಯುವುದು ಇಂತಹ ಸಂಸಾರಗಳಿಂದಲೇ. ಉಡುಪಿ ಜಿಲ್ಲೆಯ ಕಾರ್ಕಳದ ಬಳಿಯಿರುವ ಅತ್ತೂರಿನ ಸಂತ ಲಾರೆನ್ಸರ ದೇವಾಲಯದ ಚರಿತ್ರೆಯನ್ನು ಈ ಕೌಟುಂಬಿಕ ಯಾತ್ರೆಯ ದಿಕ್ಕಿನಿಂದ ನೋಡಿದಾಗ ಕರಾವಳಿಯ ಸಾಮಾಜಿಕ ಇತಿಹಾಸದ ಕೆಲವು ಸಂಗತಿಗಳು ಹೆಚ್ಚು ಸ್ಪಷ್ಟವಾಗುತ್ತವೆ.

ಪರಿಸರ ಮತ್ತು ಪೂರ್ವಚರಿತ್ರೆ

ಕಾರ್ಕಳವು ಮೂಲತಃ ಕಳಸ-ಕಾರ್ಕಳದ ಭೈರರಸರ ರಾಜಧಾನಿ. 1432ರಲ್ಲಿ ವೀರಪಾಂಡ್ಯನು ಇಲ್ಲಿನ ಬಂಡೆಯ ಮೇಲೆ ಗೊಮ್ಮಟನನ್ನು ನಿಲ್ಲಿಸಿದನು. 1586ರಲ್ಲಿ ಚತುರ್ಮುಖ ಬಸದಿ ನಿರ್ಮಾಣಗೊಂಡಿತು. ಗೌಡ ಸಾರಸ್ವತ ಸಮಾಜದ ವೆಂಕಟರಮಣ ದೇವಾಲಯದಿಂದಾಗಿ ಊರಿಗೆ ಪಡುತಿರುಪತಿ ಎಂಬ ಹೆಸರೂ ಬಂದಿದೆ. ಜೈನ, ವೈಷ್ಣವ, ಶೈವ ಪರಂಪರೆಗಳ ಜೊತೆಗೆ ಭೂತಾರಾಧನೆಯ ಗಟ್ಟಿ ನೆಲೆಯೂ ಆಗಿದ್ದ ಈ ಸೀಮೆಗೆ ಕ್ರೈಸ್ತರು ತಡವಾಗಿ ಬಂದವರು.

ಕೊಂಕಣಿ ಮಾತನಾಡುವ ಕಥೋಲಿಕರು ಗೋವೆಯಿಂದ ತೆಂಕಣಕ್ಕೆ ಬಂದುದು ಒಂದೇ ಸಲಕ್ಕೆ ನಡೆದುದಲ್ಲ. 1560ರಲ್ಲಿ ಗೋವೆಯಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯದ ಕಾಠಿಣ್ಯ, ತೆರಿಗೆಯ ಭಾರ, ಬರಗಾಲ, 1683ರ ಮರಾಠರ ದಾಳಿ ಇವೆಲ್ಲ ಬೇರೆ ಬೇರೆ ಕಾಲದಲ್ಲಿ ಅವರನ್ನು ಊರು ಬಿಡಿಸಿದವು. ಇತ್ತ ಕೆಳದಿಯ ನಾಯಕರಿಗೆ ಬೇಸಾಯ ಬಲ್ಲ ಒಕ್ಕಲುಗಳು ಬೇಕಾಗಿದ್ದವು. ಹದಿನೇಳನೆಯ ಶತಮಾನದ ಉತ್ತರಾರ್ಧದಲ್ಲಿ ಕೆಳದಿ ಸಂಸ್ಥಾನ ಮತ್ತು ಪೋರ್ಚುಗೀಸರ ನಡುವೆ ಆದ ಒಪ್ಪಂದಗಳು ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಲು ಅವಕಾಶ ನೀಡಿದವು. ವಲಸೆ ಬಂದವರು ಕಡಲಂಚಿನಲ್ಲಿ ಮಾತ್ರ ನಿಲ್ಲದೆ ಗದ್ದೆ ಸಿಕ್ಕಲ್ಲೆಲ್ಲ ಒಳನಾಡಿಗೂ ಸರಿದರು. ಅತ್ತೂರಿನ ಇಗರ್ಜಿಯ ಸ್ಥಾಪನೆಯ ವರ್ಷವನ್ನು ಪರಂಪರೆಯು 1759 ಎಂದು ಗುರುತಿಸುತ್ತದೆ. ಅದು ಕೆಳದಿ ಆಳ್ವಿಕೆಯ ಕೊನೆಯ ಕಾಲ. ನಾಲ್ಕು ವರ್ಷಗಳ ಬಳಿಕ, 1763ರಲ್ಲಿ, ಬಿದನೂರು ಹೈದರಾಲಿಯ ವಶವಾಯಿತು.

1784ರ ವಿಚ್ಛೇದ

ಎರಡನೆಯ ಮೈಸೂರು ಯುದ್ಧದ (1780-84) ಅವಧಿಯಲ್ಲಿ ಮಂಗಳೂರು ಮತ್ತು ಬಿದನೂರು ಸ್ವಲ್ಪಕಾಲ ಇಂಗ್ಲಿಷರ ಕೈಗೆ ಹೋದವು. ಕರಾವಳಿಯ ಕ್ರೈಸ್ತರು ಶತ್ರುವಿಗೆ ನೆರವಾದರೆಂಬ ಆರೋಪ ಟಿಪ್ಪು ಸುಲ್ತಾನನ ಆಸ್ಥಾನದಲ್ಲಿ ಬಲವಾಯಿತು. 1784ರ ಫೆಬ್ರವರಿ 24ರಂದು, ತಪಸ್ಸು ಕಾಲದ ಆರಂಭದ ವಿಭೂತಿ ಬುಧವಾರದ ಸಮಯದಲ್ಲಿ, ಅವರನ್ನು ಸೆರೆಹಿಡಿದು ಶ್ರೀರಂಗಪಟ್ಟಣದತ್ತ ನಡೆಸಿದುದನ್ನು ಸಮುದಾಯವು ಇಂದಿಗೂ ನೆನೆಯುತ್ತದೆ. ಈ ಕ್ರಮದ ಹಿಂದಿದ್ದುದು ರಾಜಕೀಯ ಸಂಶಯವೇ, ಮತೀಯ ದ್ವೇಷವೇ ಅಥವಾ ಎರಡೂ ಕೂಡಿದ್ದವೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಂಧಿತರ ಸಂಖ್ಯೆಯಲ್ಲಿಯೂ ಆಕರಗಳು 30,000ದಿಂದ 60,000ದವರೆಗೆ, ಕೆಲವೆಡೆ ಅದಕ್ಕೂ ಮಿಗಿಲಾಗಿ, ಏರಿಳಿಯುತ್ತವೆ. ಆದರೆ ಘಟ್ಟ ಹತ್ತಿದ ನಡಿಗೆ, ದಾರಿಯಲ್ಲಿ ಸತ್ತವರು, ನಾಶವಾದ ಇಗರ್ಜಿಗಳು, ಒಡೆದ ಸಂಸಾರಗಳು ಇವು ವಿವಾದದ ವಿಷಯಗಳಲ್ಲ. ಅತ್ತೂರಿನ ಇಗರ್ಜಿಯೂ ಅಳಿದವುಗಳಲ್ಲಿ ಒಂದು. ನೆರೆಯ ಮೂಡುಬಿದಿರೆ ಸೀಮೆಯ ಹೊಸಬೆಟ್ಟಿನ ಇಗರ್ಜಿ ಮಾತ್ರ ಚೌಟ ಅರಸರ ಮಧ್ಯಸ್ಥಿಕೆಯಿಂದ ಉಳಿಯಿತೆಂಬುದು ಇಲ್ಲಿ ಉಲ್ಲೇಖನೀಯ. ಜೈನ ಅರಸನೊಬ್ಬನು ಕ್ರೈಸ್ತರ ಪ್ರಾರ್ಥನಾಮಂದಿರವನ್ನು ಮುಸ್ಲಿಂ ದೊರೆಯಲ್ಲಿ ಬೇಡಿ ಉಳಿಸಿಕೊಂಡ ಈ ಪ್ರಸಂಗವು ತುಳುನಾಡಿನ ನೆರೆಹೊರೆಯ ಸಂಬಂಧ ಎಂತಹುದಾಗಿತ್ತೆಂಬುದನ್ನು ಸೂಚಿಸುತ್ತದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಪತನವಾದ ಮೇಲೆ ಬದುಕುಳಿದವರು ಮರಳಿದರು. ಸೆರೆಯಲ್ಲಿ ಕಳೆದುದು ಹದಿನೈದು ವರ್ಷ. ಹೋಗುವಾಗ ತೊಟ್ಟಿಲಲ್ಲಿದ್ದ ಮಗು ಬರುವಾಗ ಹರೆಯಕ್ಕೆ ಬಂದಿತ್ತು. ಅದಕ್ಕೆ ತನ್ನ ಊರು ಕೇಳಿ ತಿಳಿದ ಹೆಸರು ಮಾತ್ರ. ಬಿಟ್ಟುಹೋದ ಗದ್ದೆಗಳನ್ನು ಬೇರೆಯವರು ಸಾಗುಮಾಡುತ್ತಿದ್ದರು. ಕೆಲವರಿಗೆ ಹಳೆಯ ಹಿಡುವಳಿ ದಕ್ಕಿತು, ಹಲವರು ಗೇಣಿಗೆ ನಿಂತು ಹೊಸದಾಗಿ ಬದುಕು ಕಟ್ಟಬೇಕಾಯಿತು. ಅತ್ತೂರು ಯಾತ್ರಾಸ್ಥಳವಾಗಿ ಬೆಳೆದುದು ಹೀಗೆ ಮರಳಿ ಬಂದವರ ಮತ್ತು ಅವರ ಮಕ್ಕಳ ಕಾಲದಲ್ಲಿ.

ಅಲುಗದ ಮೂರ್ತಿಯ ಐತಿಹ್ಯ

ಕ್ಷೇತ್ರದ ಮೂಲವನ್ನು ಹೇಳುವ ಐತಿಹ್ಯ ಕರಾವಳಿಯಲ್ಲಿ ಎಲ್ಲರಿಗೂ ಪರಿಚಿತ. ಧರ್ಮಗುರುವೊಬ್ಬರು ಸಂತ ಲಾರೆನ್ಸರ ಪುಟ್ಟ ಮರದ ಮೂರ್ತಿಯನ್ನು ಹಿಡಿದುಕೊಂಡು ಇಗರ್ಜಿಗೆ ತಕ್ಕ ಸ್ಥಳವನ್ನು ಹುಡುಕುತ್ತ ನಕ್ರೆಯ ಕಡೆಯಿಂದ ಬಂದರು. ದಣಿವಾರಿಸಿಕೊಳ್ಳಲೆಂದು ಗುಡ್ಡದ ತಪ್ಪಲಿನ ನೀರಿನ ಒರತೆಯ ಬಳಿ ಮೂರ್ತಿಯನ್ನು ಕೆಳಗಿಟ್ಟರು. ಮತ್ತೆ ಎತ್ತಲು ಹೋದಾಗ ಅದು ಅಲುಗಲಿಲ್ಲ. ಇಲ್ಲಿಯೇ ಇಗರ್ಜಿ ಕಟ್ಟಿಸುವೆನೆಂದು ಹರಕೆ ಹೊತ್ತ ಬಳಿಕವೇ ಮೂರ್ತಿ ಮೇಲೆದ್ದಿತು. ಒರತೆಯ ನೀರು ನಿಂತ ಕೊಳವೇ ಇಂದು ಯಾತ್ರಿಕರು ನೀರು ಒಯ್ಯುವ ಪುಷ್ಕರಿಣಿ.

ಈ ಕಥೆಯ ಆಶಯ ಕರಾವಳಿಗೆ ಹೊಸದಲ್ಲ. ಗೋಕರ್ಣದಲ್ಲಿ ರಾವಣನು ನೆಲಕ್ಕಿಟ್ಟ ಆತ್ಮಲಿಂಗವನ್ನು ಮತ್ತೆ ಎತ್ತಲಾರದೆ ಹೋದ ಸ್ಥಳಪುರಾಣ ಇದೇ ಬಗೆಯದು. ದೈವವು ತನ್ನ ನೆಲೆಯನ್ನು ತಾನೇ ಆರಿಸಿಕೊಳ್ಳುತ್ತದೆ, ಮನುಷ್ಯನದು ಒಪ್ಪಿಗೆ ಮಾತ್ರ ಎಂಬ ತಿಳಿವಳಿಕೆ ತುಳುನಾಡಿನ ದೈವಸ್ಥಾನಗಳ ಕಥನಗಳಲ್ಲಿಯೂ ಮತ್ತೆ ಮತ್ತೆ ಬರುತ್ತದೆ. ಯುರೋಪಿನ ಸಂತಕಥೆಗಳಲ್ಲಿಯೂ ಇಂತಹ ಪ್ರಸಂಗಗಳುಂಟು. ಹೀಗಾಗಿ ಇದು ಎಲ್ಲಿಂದ ಎಲ್ಲಿಗೆ ಬಂತೆಂದು ಬಗೆಯುವುದಕ್ಕಿಂತ, ಈ ಸಮುದಾಯವು ಇದನ್ನೇ ಏಕೆ ಹಿಡಿದಿಟ್ಟುಕೊಂಡಿತೆಂದು ಕೇಳುವುದು ಹೆಚ್ಚು ಫಲಪ್ರದ.

ಉತ್ತರವು 1784ರ ಅನುಭವದಲ್ಲಿದೆ. ತಮ್ಮ ಇಚ್ಛೆಯನ್ನು ಯಾರೂ ಕೇಳದೆ ನೆಲದಿಂದ ಎಬ್ಬಿಸಲ್ಪಟ್ಟು ಘಟ್ಟದಾಚೆಗೆ ನಡೆಸಲ್ಪಟ್ಟವರ ಮಕ್ಕಳು ಹೇಳಿಕೊಂಡ ಕಥೆಯಿದು. ಮೂರ್ತಿ ಕೇವಲ ಮರದ್ದು, ಒಬ್ಬರು ಕೈಯಲ್ಲಿ ಹಿಡಿದು ನಡೆಯುವಷ್ಟು ಚಿಕ್ಕದು. ಅಂತಹ ಮೂರ್ತಿಯನ್ನು ಕೂಡ ಅದರ ಒಪ್ಪಿಗೆಯಿಲ್ಲದೆ ಈ ನೆಲದಿಂದ ಎತ್ತಲಾಗದು ಎಂಬುದು ಕಥೆಯ ತಿರುಳು. ವಲಸೆ ಬಂದವರೆಂಬ ಮಾತನ್ನು ಕೇಳಿಸಿಕೊಂಡಿದ್ದವರಿಗೆ, ಒಮ್ಮೆ ಬೇರುಸಹಿತ ಕೀಳಲ್ಪಟ್ಟವರಿಗೆ, ಇದು ನೆಲೆನಿಂತುದರ ಘೋಷಣೆಯೂ ಆಗಿತ್ತು. ಐತಿಹ್ಯವು ದಾಖಲೆಯಲ್ಲ, ಆದರೆ ದಾಖಲೆ ಹೇಳದ ಮನಸ್ಸಿನ ಸ್ಥಿತಿಗೆ ಅದು ಸಾಕ್ಷಿಯಾಗಬಲ್ಲದು. ಹತ್ತೊಂಬತ್ತನೆಯ ಶತಮಾನದಲ್ಲಿ ಅತ್ತೂರಿಗೆ ಹೊರಟ ಪ್ರತಿಯೊಂದು ಕುಟುಂಬವೂ ಈ ಅರ್ಥದಲ್ಲಿ, ಬಲವಂತದಿಂದ ನಡೆದ ಒಂದು ದಾರಿಯ ನೆನಪಿನ ಎದುರು, ತನ್ನಿಚ್ಛೆಯಿಂದ ಇನ್ನೊಂದು ದಾರಿಯನ್ನು ನಡೆಯುತ್ತಿತ್ತು.

ಆಗಸ್ಟಿನ ಸಂತ, ಜನವರಿಯ ಜಾತ್ರೆ

ಸಂತ ಲಾರೆನ್ಸರು ರೋಮಿನ ಧರ್ಮಸಭೆಯ ಸೇವಾದರ್ಶಿಗಳಾಗಿದ್ದವರು. ಚಕ್ರವರ್ತಿ ವಲೇರಿಯನನ ಕಾಲದ ಹಿಂಸೆಯಲ್ಲಿ 258ರ ಆಗಸ್ಟ್ 10ರಂದು ಹುತಾತ್ಮರಾದರು. ಧರ್ಮಸಭೆಯ ಸಂಪತ್ತನ್ನು ಒಪ್ಪಿಸೆಂದು ಅಧಿಕಾರಿ ಆಜ್ಞಾಪಿಸಿದಾಗ ನಗರದ ಬಡವರನ್ನೂ ರೋಗಿಗಳನ್ನೂ ಕರೆತಂದು ನಿಲ್ಲಿಸಿದರೆಂದು ಸಂತಕಥೆ ಹೇಳುತ್ತದೆ. ಕಬ್ಬಿಣದ ಸರಳುಗಳ ಚೌಕಟ್ಟಿನ ಮೇಲೆ ಸುಡಲ್ಪಟ್ಟರೆಂಬ ಪ್ರತೀತಿಯಿಂದ ಅವರ ಮೂರ್ತಿಗಳಲ್ಲಿ ಆ ಚೌಕಟ್ಟು ಗುರುತಾಗಿ ಉಳಿದಿದೆ.

ಲೋಕದಾದ್ಯಂತ ಈ ಸಂತರ ಹಬ್ಬ ಆಗಸ್ಟ್ 10ಕ್ಕೆ. ಅತ್ತೂರಿನ ಮಹೋತ್ಸವ ಮಾತ್ರ ಜನವರಿಯ ಕೊನೆಯ ಭಾಗದಲ್ಲಿ. ಈ ವ್ಯತ್ಯಾಸದ ಕಾರಣವನ್ನು ಇಲ್ಲಿನ ಮಳೆ ಮತ್ತು ಗದ್ದೆಗಳು ವಿವರಿಸುತ್ತವೆ. ಘಟ್ಟದ ಬುಡದಲ್ಲಿರುವ ಕಾರ್ಕಳದಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಆಗಸ್ಟ್ ತಿಂಗಳೆಂದರೆ ಹೊಳೆಗಳು ತುಂಬಿ ಹರಿಯುವ, ತೋಡು ದಾಟಲಾಗದ, ಮನೆಯಲ್ಲಿ ಅಕ್ಕಿಯ ಮುಡಿ ಕರಗುತ್ತ ಬಂದ ಕಾಲ. ಜನವರಿಯ ಹೊತ್ತಿಗೆ ಏಣೆಲಿನ ಕೊಯ್ಲು ಮುಗಿದು ಭತ್ತ ಮನೆ ಸೇರಿರುತ್ತದೆ. ಕೈಯಲ್ಲಿ ನಾಲ್ಕು ಕಾಸು, ಕಾಲಿಗೆ ಒಣಗಿದ ದಾರಿ. ಕೋಲ, ನೇಮ, ಕಂಬಳ, ಯಕ್ಷಗಾನಗಳ ಕಾಲವೂ ಇದೇ. ಫೆಬ್ರವರಿ ಅಥವಾ ಮಾರ್ಚಿಯಲ್ಲಿ ತಪಸ್ಸು ಕಾಲ ಆರಂಭವಾದರೆ ಕಥೋಲಿಕರಲ್ಲಿ ಸಂಭ್ರಮಕ್ಕೆ ತಡೆ. ಹೀಗೆ ರೋಮಿನ ಪಂಚಾಂಗಕ್ಕೂ ತುಳುನಾಡಿನ ಬೇಸಾಯದ ವರ್ಷಕ್ಕೂ ನಡುವೆ ಕ್ಷೇತ್ರವು ಒಂದು ಹೊಂದಾಣಿಕೆಯನ್ನು ಕಂಡುಕೊಂಡಿತು. ಇದರಿಂದ ಅತ್ತೂರಿನ ಹಬ್ಬವು ಕಥೋಲಿಕ ಕುಟುಂಬದ ಪ್ರಾರ್ಥನೆಯಷ್ಟೇ ಆಗಿ ಉಳಿಯದೆ ಸೀಮೆಯ ಜಾತ್ರೆಯಾಯಿತು. ಜನರ ಬಾಯಲ್ಲಿ ಅದಕ್ಕೆ ಸಾಂತ್‌ಮಾರಿ ಎಂಬ ಹೆಸರು ನಿಂತುದು ಇದಕ್ಕೆ ಸಾಕ್ಷಿ.

ದಾರಿ ಮತ್ತು ಹಗಲು

ಇಂದು ಮಂಗಳೂರಿನಿಂದ ಕಾರ್ಕಳ ಸುಮಾರು 50 ಕಿಲೋಮೀಟರು. ಬೆಳಗ್ಗೆ ಹೊರಟವರು ಮಧ್ಯಾಹ್ನದ ಊಟಕ್ಕೆ ಮರಳಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಇದೇ ದೂರವು ಎರಡು ದಿನದ ನಡಿಗೆ ಅಥವಾ ಎತ್ತಿನ ಗಾಡಿಯ ಪ್ರಯಾಣ, ನಡುವೆ ಹೊಳೆಯ ಕಡವು. ದೂರದವರಿಗೆ ಅತ್ತೂರು ಎಂದರೆ ಹಲವು ದಿನಗಳ ಕಾರ್ಯ. ದಾರಿಯಲ್ಲಿ ನಂಟರ ಮನೆ ಇದ್ದವರು ಅಲ್ಲಿ ತಂಗುತ್ತಿದ್ದರು, ಇಲ್ಲದವರು ಮರದಡಿಯಲ್ಲಿ ಕಲ್ಲು ಹೂಡಿ ಗಂಜಿ ಬೇಯಿಸಿಕೊಳ್ಳುತ್ತಿದ್ದರು. ಆದುದರಿಂದ ಒಂದೇ ಹಗಲಿನಲ್ಲಿ ಮುಗಿಯುವ ಯಾತ್ರೆ ಮೊದಲಿಗೆ ನೆರೆಯ ಗ್ರಾಮಗಳವರಿಗೆ ಮಾತ್ರ ಸಾಧ್ಯವಿತ್ತು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಿಂದ ಮಂಗಳೂರು ಪರಿಸರದಲ್ಲಿ ಮೋಟಾರು ಬಸ್ಸು ಓಡಾಡತೊಡಗಿತು. ಮುಂದೆ ಹೊಳೆಗಳಿಗೆ ಸೇತುವೆಗಳಾದವು. ಖಾಸಗಿ ಬಸ್ಸುಗಳ ಜಾಲವು ದಕ್ಷಿಣ ಕನ್ನಡದಲ್ಲಿ ಹರಡಿದಷ್ಟು ದಟ್ಟವಾಗಿ ರಾಜ್ಯದ ಕೆಲವೇ ಭಾಗಗಳಲ್ಲಿ ಹರಡಿತು. ಇದರ ಪರಿಣಾಮವಾಗಿ ಯಾತ್ರೆಯ ಅವಧಿ ಕುಗ್ಗಿ ಅದರ ವ್ಯಾಪ್ತಿ ಹಿಗ್ಗಿತು. ಹಿಂದೆ ಹರಕೆ ಹೊತ್ತ ಗಂಡಸು ಮಾತ್ರ ಹೋಗಿಬರುತ್ತಿದ್ದ ದೂರವನ್ನು ಈಗ ಬಾಣಂತನ ಮುಗಿಸಿದ ತಾಯಿ, ಕಾಲು ಸೋತ ಅಜ್ಜಿ, ಎಳೆಯ ಮಕ್ಕಳು ಕೂಡ ಕ್ರಮಿಸಬಹುದಾಯಿತು.

ದಾರಿಯಂತೆಯೇ ಬಿಡುವೂ ಮುಖ್ಯವಾದುದು. ಚಾಲಗೇಣಿ ಒಕ್ಕಲಿಗೆ ದಿನವೊಂದು ತನ್ನದಾಗುವುದು ಧನಿಯ ಕೆಲಸ ಮುಗಿದ ಮೇಲೆ. 1974ರ ಭೂಸುಧಾರಣೆಯ ಕಾನೂನು ಕರಾವಳಿಯಲ್ಲಿ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದಾಗ ಅದರ ಜೊತೆಗೆ ಬಂದ ಕಾಣದ ಲಾಭಗಳಲ್ಲಿ ಇದೂ ಒಂದು: ತನ್ನ ಹಬ್ಬದ ದಿನವನ್ನು ತಾನೇ ಗೊತ್ತುಮಾಡಿಕೊಳ್ಳುವ ಸ್ವಾತಂತ್ರ್ಯ. ಮುಂಬಯಿ ಮತ್ತು 1970ರ ದಶಕದ ಬಳಿಕ ಕೊಲ್ಲಿ ರಾಷ್ಟ್ರಗಳ ದುಡಿಮೆ ಇನ್ನೊಂದು ಬದಲಾವಣೆ ತಂದಿತು. ರಜೆಯಲ್ಲಿ ಊರಿಗೆ ಬಂದವನ ಪಟ್ಟಿಯಲ್ಲಿ ಅತ್ತೂರಿನ ಭೇಟಿಯೂ ಸೇರಿತು. ನೌಕರಿಯ ಲೆಕ್ಕದಲ್ಲಿ ಬದುಕುವವರಿಗೆ ಭಾನುವಾರವೂ ಜನವರಿ 26ರ ಸರ್ಕಾರಿ ರಜೆಯೂ ಒದಗಿಬಂದವು. ಉತ್ಸವಕ್ಕೆ ಸೇರದ ಉಳಿದ ದಿನಗಳಲ್ಲಿಯೂ ಸಂಸಾರಗಳು ಬಾಡಿಗೆ ಕಾರಿನಲ್ಲಿ ಬಂದು ಮೋಂಬತ್ತಿ ಹಚ್ಚಿ ಹೋಗುವ ರೂಢಿ ಹೀಗೆ ಬೆಳೆಯಿತು.

ಸಂಸಾರದ ಒಂದು ದಿನ

ಇಂತಹ ದಿನದ ಕ್ರಮದಲ್ಲಿ ಬದಲಾದುದಕ್ಕಿಂತ ಉಳಿದುಬಂದುದೇ ಹೆಚ್ಚು. ಯಾತ್ರೆಯ ನಿರ್ಧಾರ ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸಿನದು. ಹರಕೆಗೆ ಕೊಂಕಣಿಯಲ್ಲಿ ಆಂಗವ್ಣ್ ಎನ್ನುತ್ತಾರೆ. ಮಗುವಿನ ಜ್ವರ, ತಡವಾದ ಮದುವೆ, ಪರದೇಶಕ್ಕೆ ಹೋದವನ ಸುದ್ದಿ ಬಾರದಿದ್ದುದು, ಹಟ್ಟಿಯ ದನದ ಕಾಯಿಲೆ ಹೀಗೆ ಹರಕೆಯ ಕಾರಣಗಳು ಸಂಸಾರದ ಒಳಗಿನವು. ಮುಸ್ಸಂಜೆಯ ತೇರ್ಸ್ ಪ್ರಾರ್ಥನೆಯ ಕೊನೆಗೆ ಅದನ್ನು ಮನಸ್ಸಿನಲ್ಲಿ ಹೇಳಿಕೊಂಡವಳಿಗೆ ಮಾತ್ರ ಅದರ ಪೂರ್ಣ ವಿವರ ತಿಳಿದಿರುತ್ತದೆ. ಆದ್ದರಿಂದ ಯಾತ್ರೆಯ ದಿನ ಎಲ್ಲರೂ ಒಟ್ಟಿಗೆ ಹೊರಟರೂ ಎಲ್ಲರೂ ಒಂದೇ ಕಾರಣಕ್ಕೆ ಹೊರಟಿರುವುದಿಲ್ಲ.

ತಲುಪಿದ ಮೇಲೆ ಪಾಪನಿವೇದನೆ, ಪೂಜೆ, ಸಂತರ ಮೂರ್ತಿಯ ಮುಂದಿನ ಸರತಿ, ಮೋಂಬತ್ತಿ, ಪುಷ್ಕರಿಣಿಯ ನೀರು. ಅನಂತರ ನೆರಳಿನಲ್ಲಿ ಬುತ್ತಿ ಬಿಚ್ಚುವುದು, ಜಾತ್ರೆಯ ಸಾಲಿನಲ್ಲಿ ಮಕ್ಕಳಿಗೆ ಆಟಿಕೆ, ಹೆಂಗಸರಿಗೆ ಬಳೆ, ನೆರೆಮನೆಗೆ ಮಿಠಾಯಿ. ಹೊರಗಿನವರಿಗೆ ಪೂಜೆಯೂ ಜಾತ್ರೆಯೂ ಎರಡು ಬೇರೆ ಸಂಗತಿಗಳಾಗಿ ತೋರಬಹುದು. ಸಂಸಾರದ ಲೆಕ್ಕದಲ್ಲಿ ಅವು ಒಂದೇ ದಿನದ ಎರಡು ಹೊತ್ತುಗಳು. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಗಳು ತನ್ನ ಕುಲಾರಿನವರನ್ನು, ಎಂದರೆ ತವರಿನವರನ್ನು, ಈ ಜಾತ್ರೆಯಲ್ಲಿ ಕಾಣುವಳು. ತವರಿಗೆ ಹೋಗಲು ಅತ್ತೆಯ ಅಪ್ಪಣೆ ಸುಲಭವಾಗಿ ಸಿಗದಿದ್ದ ಕಾಲದಲ್ಲಿ ಸಂತರ ಹರಕೆಗೆ ಯಾರೂ ಅಡ್ಡಿಮಾಡುತ್ತಿರಲಿಲ್ಲ. ಯಾತ್ರೆಯು ಹೆಂಗಸರಿಗೆ ಕೊಟ್ಟ ಈ ಅವಕಾಶವನ್ನು ಕ್ಷೇತ್ರದ ಚರಿತ್ರೆಗಳು ಇನ್ನೂ ಸರಿಯಾಗಿ ಗುರುತಿಸಿಲ್ಲ.

ಪಾಲುದಾರರು

ಅತ್ತೂರಿಗೆ ಬರುವವರೆಲ್ಲ ಕಥೋಲಿಕರಲ್ಲ. ತುಳು ಮಾತನಾಡುವ ಹಿಂದೂ ಕುಟುಂಬಗಳು ತಲೆಮಾರುಗಳಿಂದ ಇಲ್ಲಿ ಹರಕೆ ಸಲ್ಲಿಸುತ್ತ ಬಂದಿವೆ. ಅವರಿಗೆ ಸಂತ ಲಾರೆನ್ಸರ ರೋಮನ್ ಹಿನ್ನೆಲೆ ಮುಖ್ಯವಲ್ಲ. ಮಾತು ಕೊಟ್ಟರೆ ಕಾಯುವ, ಮಾತು ತಪ್ಪಿದರೆ ನೆನಪಿಸುವ ಸತ್ಯವೊಂದು ಇಲ್ಲಿದೆ ಎಂಬ ನಂಬಿಕೆ ಸಾಕು. ದ್ವಿತೀಯ ವ್ಯಾಟಿಕನ್ ಮಹಾಸಭೆಯ (1962-65) ಬಳಿಕ ಲತೀನ್ ಭಾಷೆಯ ಪೂಜೆ ಹಿಂದೆ ಸರಿದು ಕೊಂಕಣಿ ಮತ್ತು ಕನ್ನಡದಲ್ಲಿ ಪೂಜೆಗಳು ನಡೆಯತೊಡಗಿದುದು ಈ ಪಾಲುದಾರಿಕೆಗೆ ಮಾತಿನ ಬಾಗಿಲನ್ನೂ ತೆರೆಯಿತು. ಲತೀನ್ ಪೂಜೆಯ ಕಾಲದಲ್ಲಿ ಕಥೋಲಿಕ ರೈತನಿಗೂ ಆತನ ಬಿಲ್ಲವ ಅಥವಾ ಬಂಟ ನೆರೆಯವನಿಗೂ ಪೀಠದ ಮಾತು ಬಹುಪಾಲು ಸಮಾನವಾಗಿಯೇ ಅಪರಿಚಿತವಾಗಿತ್ತು; ಇಬ್ಬರಿಗೂ ತಿಳಿಯುತ್ತಿದ್ದುದು ಮೂರ್ತಿ, ನೀರು ಮತ್ತು ಬೆಳಕು. ಈ ಮೂರನ್ನು ಹಂಚಿಕೊಳ್ಳಲು ಯಾವ ಭಾಷಾಂತರವೂ ಬೇಕಾಗಿರಲಿಲ್ಲ.

ಒಂದೇ ದಿನದಲ್ಲಿ ಗೊಮ್ಮಟಬೆಟ್ಟ, ಚತುರ್ಮುಖ ಬಸದಿ, ವೆಂಕಟರಮಣ ದೇವಾಲಯ ಮತ್ತು ಅತ್ತೂರುಗಳನ್ನು ಸೇರಿಸಿಕೊಳ್ಳುವ ಸಂಸಾರಗಳೂ ಇವೆ. ಇದನ್ನು ಕೇವಲ ಪ್ರವಾಸವೆಂದು ಬದಿಗೆ ಸರಿಸುವುದು ಸಲ್ಲದು. ಹೊಸಬೆಟ್ಟಿನ ಇಗರ್ಜಿಗಾಗಿ ಚೌಟ ಅರಸನು ಬೇಡಿಕೊಂಡ ಸೀಮೆಯಿದು. ಅಂದು ಅರಸುಮನೆಯ ಮಟ್ಟದಲ್ಲಿ ಕಂಡ ಸಂಬಂಧವು ಇಂದು ಸಾಮಾನ್ಯ ಮನೆಯ ಒಂದು ದಿನದ ದಾರಿಯಲ್ಲಿ ಮುಂದುವರಿದಿದೆ. ಮತಗಳ ನಡುವಿನ ಗೆರೆಗಳು ದಪ್ಪವಾಗುತ್ತಿರುವ ಕಾಲದಲ್ಲಿ ಈ ದಾರಿ ಎಷ್ಟು ಕಾಲ ತೆರೆದಿರುತ್ತದೆ ಎಂಬುದು ಚರಿತ್ರೆಕಾರನಿಗೂ ಸಂಬಂಧಿಸಿದ ಪ್ರಶ್ನೆಯೇ ಆಗಿದೆ.

ಮನ್ನಣೆಯ ನಂತರ

2012ರಲ್ಲಿ ಮಂಗಳೂರು ಧರ್ಮಪ್ರಾಂತ್ಯದಿಂದ ಬೇರ್ಪಟ್ಟು ಉಡುಪಿ ಧರ್ಮಪ್ರಾಂತ್ಯ ರೂಪುಗೊಂಡಿತು. ಅತ್ತೂರು ಅದರ ವ್ಯಾಪ್ತಿಗೆ ಬಂತು. 2016ರಲ್ಲಿ ಪೋಪ್ ಫ್ರಾನ್ಸಿಸರು ಈ ದೇವಾಲಯವನ್ನು ಕಿರಿಯ ಬೆಸಿಲಿಕಾದ ಪದವಿಗೆ ಏರಿಸಿದರು. ಅದೇ ವರ್ಷದ ಆಗಸ್ಟ್ 1ರಂದು ಅದರ ಅಧಿಕೃತ ಘೋಷಣೆ ನಡೆಯಿತು. ಬೆಂಗಳೂರಿನ ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದ ಬಳಿಕ ಕರ್ನಾಟಕದಲ್ಲಿ ಈ ಮನ್ನಣೆ ಪಡೆದ ಎರಡನೆಯ ದೇವಾಲಯವಿದು. ಇಂತಹ ಪದವಿಯು ಕ್ಷೇತ್ರದ ಪ್ರಾಚೀನತೆ, ಭಕ್ತರ ಸಂದಣಿ, ಪೂಜಾವಿಧಿಗಳ ಶಿಸ್ತು ಇವನ್ನು ಪರಿಗಣಿಸಿ ದೊರೆಯುವಂಥದು. ಆದರೆ ರೋಮಿನ ಮನ್ನಣೆ ಬರುವ ಎಷ್ಟೋ ಮೊದಲೇ ಜನರು ಈ ಸ್ಥಳವನ್ನು ಕ್ಷೇತ್ರವೆಂದು ಒಪ್ಪಿದ್ದರು. ಮೇಲಿನಿಂದ ಬಂದ ಪದವಿ ಕೆಳಗಿನಿಂದ ಕಟ್ಟಿದ ಖ್ಯಾತಿಗೆ ಹಾಕಿದ ಸಹಿಯೆನ್ನಬೇಕು.

ಖ್ಯಾತಿ ಬೆಳೆದಂತೆ ವಾಹನಗಳ ನಿಲುಗಡೆ, ವಿಸ್ತಾರವಾದ ಅಂಗಳ, ಧ್ವನಿವರ್ಧಕ, ನೇರಪ್ರಸಾರ ಇವೆಲ್ಲ ಬಂದವು. ಬಂದುಹೋಗುವ ಹೊತ್ತು ಇನ್ನೂ ಚಿಕ್ಕದಾಯಿತು. ಇದರೊಂದಿಗೆ ಸದ್ದಿಲ್ಲದೆ ಮರೆಯಾಗುತ್ತಿರುವುದು ಕುಟುಂಬದ ಬಾಯ್ದೆರೆಯ ಚರಿತ್ರೆ. ಹಿಂದೆ ಎರಡು ದಿನದ ದಾರಿಯಲ್ಲಿ ಅಜ್ಜಿ ಮೊಮ್ಮಕ್ಕಳಿಗೆ ಮೂರ್ತಿಯ ಕಥೆ, ಸೆರೆಯ ಕಥೆ, ತಮ್ಮ ಮನೆತನ ಮರಳಿ ಬಂದ ಕಥೆ ಹೇಳುವುದಕ್ಕೆ ಸಮಯವಿತ್ತು. ಒಂದು ಗಂಟೆಯ ದಾರಿಯಲ್ಲಿ ಆ ಸಮಯವಿಲ್ಲ. ಯಾತ್ರೆಯ ದಾರಿಯೇ ಆ ಕಥೆಗಳ ಪಾಠಶಾಲೆಯಾಗಿತ್ತೆಂಬುದು ದಾರಿ ಚಿಕ್ಕದಾದ ಮೇಲೆ ತಿಳಿಯುತ್ತಿದೆ.

ಆದಕಾರಣ ಅತ್ತೂರಿನಂತಹ ಕ್ಷೇತ್ರಗಳ ಅಧ್ಯಯನವು ಇಗರ್ಜಿಯ ದಾಖಲೆಗಳಿಗೆ ಸೀಮಿತವಾಗದೆ ಮನೆಗಳತ್ತ ತಿರುಗಬೇಕಾಗಿದೆ. ಹರಕೆಯ ನೆನಪುಗಳು, ಮುಂಬಯಿಯಿಂದ ಬರೆದ ಕಾಗದಗಳಲ್ಲಿನ ಯಾತ್ರೆಯ ಪ್ರಸ್ತಾಪ, ಜಾತ್ರೆಯಲ್ಲಿ ತೆಗೆಸಿದ ಛಾಯಾಚಿತ್ರಗಳು, ಹಿಂದೂ ಮನೆಗಳಲ್ಲಿ ಸಂತರ ಬಗ್ಗೆ ತುಳುವಿನಲ್ಲಿ ಹೇಳುವ ಕಥೆಗಳು ಇವು ಸಂಗ್ರಹಕ್ಕೆ ಅರ್ಹವಾದ ಆಕರಗಳು. ಇವುಗಳನ್ನು ಹೇಳಬಲ್ಲ ಹಿರಿಯರು ದಿನೇದಿನೇ ಕಡಿಮೆಯಾಗುತ್ತಿದ್ದಾರೆ. ಅಲುಗದ ಮೂರ್ತಿಯ ಕಥೆ ಬರಹಕ್ಕೆ ಬಂದಿರುವುದರಿಂದ ಉಳಿಯುತ್ತದೆ. ಆ ಮೂರ್ತಿಯನ್ನು ಕಾಣಲು ಒಂದು ಹಗಲಿನ ಮಟ್ಟಿಗೆ ಮನೆಯ ಬಾಗಿಲಿಗೆ ಬೀಗ ಹಾಕಿ ಹೊರಟವರ ಕಥೆಗಳನ್ನು ಕೇಳಿ ಬರೆದುಕೊಳ್ಳಲು ಇರುವ ಕಾಲ ಹೆಚ್ಚಿಲ್ಲ.